ಟ್ರೇಸರ್ ಏಳುವಷ್ಟರಲ್ಲಿ ಕಳ್ಳ ಹೋಗಿದ್ದ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿ. ಅಲ್ಲಿನ ಲಿನಕ್ಸ್ ಸರ್ವರ್ ನೋಡಿಕೊಳ್ಳುವವನು ನಾನು. ಗುಮಾಸ್ತರದು ಒಂದೇ ತಕರಾರು: "ಸರ, ಮುಂಜಾನೆ ಮೊದಲ್ನೇ ಬಿಲ್ಲ ತೆಗಿಯಾಕ ಒಂದ್ ನಿಮಿಷ ತಗೋತೈತ್ರಿ. ಆಮ್ಯಾಲ ಓಡತೈತ್ರಿ."

ಒಂದು ದಿನ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ ಕುಳಿತೆ. ಮೆಣಸಿನಕಾಯಿ ಘಾಟಿಗೆ ಸೀನುತ್ತ, ಯಾವ ಪ್ರೋಗ್ರಾಂ ಡಿಸ್ಕಿಗಾಗಿ ಎಷ್ಟು ಕಾಯುತ್ತದೆಂದು ನೋಡಲು ಬಿಪಿಎಫ್‌ಟ್ರೇಸ್ ಎಂಬ ಟ್ರೇಸರ್, ಅಂದರೆ ಓಡುತ್ತಿರುವ ಯಂತ್ರದ ಒಳಗೆ ಏನು ನಡೆದಿದೆ ಎಂದು ಪತ್ತೆ ಹಚ್ಚುವ ಟೂಲ್, ಹಚ್ಚಿದೆ. ಕರ್ಸರ್ ಮಿಣಮಿಣ ಅನ್ನುತ್ತಿತ್ತು, ಅಷ್ಟೇ. ಅದು ಎದ್ದು ಎಣಿಸಲು ಶುರು ಮಾಡುವಷ್ಟರಲ್ಲಿ ಮೊದಲ ಬಿಲ್ಲು ಪ್ರಿಂಟ್ ಆಗಿ ಹೋಗಿತ್ತು. ಇನ್ನೊಮ್ಮೆ ಓಡಿಸಿದರೆ ಒಂದೇ ಸೆಕೆಂಡಿಗೆ ಸಿದ್ಧ! ಹಾಳು ಟೂಲ್ ಎಂದು ಬೈದು, ಬೇರೆ ಆವೃತ್ತಿ ಹಾಕುವ ಯೋಚನೆಯಲ್ಲಿ ಎದ್ದು ಬಂದೆ.

ಮರುದಿನ ಆ ಟೂಲಿನ ಕಮಾಂಡಿನ ಮುಂದೆ, ಎಷ್ಟು ಹೊತ್ತು ಹಿಡಿಯಿತೆಂದು ಹೇಳುವ 'ಟೈಮ್' ಸೇರಿಸಿ ಓಡಿಸಿದೆ. ಒಟ್ಟು 43 ಸೆಕೆಂಡು. ಅದರಲ್ಲಿ ಸಿಪಿಯು ದುಡಿದದ್ದು ಎರಡೇ ಸೆಕೆಂಡು, ಉಳಿದದ್ದೆಲ್ಲ ಬರೀ ಕಾಯುವಿಕೆ. ಬಿಪಿಎಫ್‌ಟ್ರೇಸ್ ನಾವು ಕೊಟ್ಟ ಸ್ಕ್ರಿಪ್ಟನ್ನು ಎಲ್‌ಎಲ್‌ವಿಎಂ ಎಂಬ ಲೈಬ್ರರಿಯ ಮೂಲಕ ಕಂಪೈಲ್ ಮಾಡುತ್ತದೆ, ಅಂದರೆ ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಆ ಲೈಬ್ರರಿಯೊಂದೇ ಹೆಚ್ಚುಕಡಿಮೆ 100 ಎಂಬಿ. ಆಗತಾನೆ ಬೂಟ್ ಆದ ಯಂತ್ರದ ರ‍್ಯಾಮಿನಲ್ಲಿ ಅದರ ಚೂರೂ ಇರುವುದಿಲ್ಲ, ಬೇಕಾದ ತುಂಡುಗಳನ್ನೆಲ್ಲ ಡಿಸ್ಕಿನಿಂದ ಎಳೆದು ತರಬೇಕು. ಅಲ್ಲಿರುವುದೋ 7200 ಆರ್‌ಪಿಎಂ ಹಾರ್ಡ್ ಡಿಸ್ಕ್. ಅಲ್ಲೊಂದು ಇಲ್ಲೊಂದು ಓದು ಎಂದರೆ ಸೆಕೆಂಡಿಗೆ ಸುಮಾರು 80 ಸಲ ಓದೀತು, ಅದಕ್ಕಿಂತ ಬಹಳ ಹೆಚ್ಚಿಲ್ಲ. ಅದೇ ಹೊತ್ತಿಗೆ ಬಿಲ್ಲಿಂಗ್ ಡೇಟಾಬೇಸ್ ಕೂಡ ಅದೇ ಡಿಸ್ಕಿಗೆ ಜಗ್ಗಾಡುತ್ತಿತ್ತು. ಎರಡನೇ ಸಲ ಎಲ್ಲ ಪೇಜ್ ಕ್ಯಾಶಿನಲ್ಲೇ (ಒಮ್ಮೆ ಓದಿದ್ದನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಜಾಗ) ಸಿಗುವುದರಿಂದ ಡಿಸ್ಕಿನ ಗೊಡವೆಯೇ ಇಲ್ಲ.

ಅಂದರೆ ಬಿಲ್ಲಿಂಗಿಗೆ ಆಗಿದ್ದೇ ನನ್ನ ಟೂಲಿಗೂ ಆಗಿತ್ತು. ಉತ್ತರ ಕಣ್ಣೆದುರಿಗೇ ಮಿಣುಕುತ್ತಿದ್ದರೂ ನಾನು ಅದನ್ನೇ ಬೈಯುತ್ತಿದ್ದೆ.

ಸಂಜೆ ವ್ಯಾಪಾರ ಮುಗಿದ ಮೇಲೆ, ರೀಬೂಟ್ ಮಾಡದೆ, 'ಸಿಂಕ್' ಕೊಟ್ಟು 'ಡ್ರಾಪ್ ಕ್ಯಾಶಸ್' ಫೈಲಿಗೆ 3 ಬರೆದು ಕ್ಯಾಶ್ ಖಾಲಿ ಮಾಡಿದೆ. ಈ ಸಲ ಟ್ರೇಸರ್ ಪೂರ್ತಿ ಎದ್ದಿದೆ ಎಂದು ಖಾತ್ರಿಯಾದ ಮೇಲೆಯೇ ಬಿಲ್ಲಿಂಗ್ ತೆಗೆದದ್ದು. ಸಿಕ್ಕಿಬಿತ್ತು: ಡೇಟಾಬೇಸ್ ಆ ನಿಮಿಷವಿಡೀ ಡಿಸ್ಕಿಗೆ ಕಾಯುತ್ತ ನಿಂತಿತ್ತು.

ಕರೆಂಟ್ ಬಿಲ್ ಉಳಿಸಲು ಸಾಹುಕಾರರು ರಾತ್ರಿ ಸರ್ವರ್ ಬಂದ್ ಮಾಡಿಸುತ್ತಾರೆ. ಅದನ್ನು ಬಿಡಿಸಲಾಗಲಿಲ್ಲ. ಬೂಟ್ ಆದ ಕೂಡಲೇ ಡೇಟಾಬೇಸ್ ಫೈಲುಗಳನ್ನು ಸುಮ್ಮನೆ ಒಮ್ಮೆ ಓದಿ ಕ್ಯಾಶಿಗೆ ತುಂಬುವ ಪುಟ್ಟ ಸ್ಕ್ರಿಪ್ಟ್ ಹಾಕಿ, ಸರ್ವರನ್ನು ಸ್ವಲ್ಪ ಮುಂಚೆ ಹಚ್ಚಿಸಿರಿ ಎಂದೆ.

"ಕಸಾ ಹೊಡ್ಯಾಕ ಹುಡುಗ ಎಂಟಕ್ಕ ಬರ್ತಾನ್ರಿ, ಅವಗs ಹಚ್ಚಾಕ ಹೇಳ್ತೀನಿ ತಗೋರಿ" ಅಂದರು.

ಈಗ ದಿನಾ ಹಾಗೇ ನಡೆದಿದೆ. ಹಾರ್ಡ್ ಡಿಸ್ಕಿಗಿಂತ ಬಹಳ ಚುರುಕಾದ ಎಸ್‌ಎಸ್‌ಡಿಗೆ ನಾನು ಕೊಟ್ಟ ಕೊಟೇಶನ್ ಮಾತ್ರ ಇನ್ನೂ ಅವರ ಗಾದಿಯ ಕೆಳಗೇ ಇದೆ.