ನಮ್ಮ ಮದಕದ ಕೋಡಿಯಿಂದ ಎರಡು ವರಸೆ ಕಲ್ಲು ತೆಗೆಸಿದ್ದು

"ಟೀಚರ್, ನಿಮ್ಮ ಮದಕ ಒಡೆದರೆ ನೀರು ಸೀದಾ ನಮ್ಮ ಹಾಲ್‌ಗೇ ಬರ್ತದೆ ಅಲ್ವಾ?"

2022ರ ಬೇಸಿಗೆಯಲ್ಲಿ ಕೆಳಗಿನ ಮನೆಯವರು ಗೃಹಪ್ರವೇಶದ ದಿನ ಪಾಯಸ ಬಡಿಸುತ್ತಾ ಹೀಗೆ ಕೇಳಿದರು. ತಮಾಷೆಗೇ ಕೇಳಿದ್ದು. ಆದರೆ ನನಗೆ ಆ ಪಾಯಸ ಇಳಿಯಲಿಲ್ಲ.

ಮದಕ ಅಂದರೆ ಘಟ್ಟದ ಮೇಲಿನವರಿಗೆ ಗೊತ್ತಾಗಲಿಕ್ಕಿಲ್ಲ. ಗುಡ್ಡದ ಇಳಿಜಾರಿನಲ್ಲಿ ತಗ್ಗು ಇರುವ ಕಡೆ, ಕೆಳಬದಿಗೆ ಅಡ್ಡವಾಗಿ ಮಣ್ಣಿನ ದಂಡೆ ಹಾಕಿ ಮಳೆ ನೀರು ನಿಲ್ಲಿಸುವುದು. ಉಡುಪಿ ಹತ್ತಿರದ ಹಿರಿಯಡ್ಕದಿಂದ ಒಳಗೆ ಹೋದರೆ ಸಿಗುವ ನಮ್ಮ ಜಾಗದಲ್ಲಿ ಇಂಥದ್ದೊಂದು ಅಜ್ಜನ ಕಾಲದಿಂದ ಇದೆ. ದಂಡೆ 9 ಅಡಿ ಎತ್ತರ, ನನ್ನ ಕಾಲಲ್ಲಿ 40 ಹೆಜ್ಜೆ ಉದ್ದ. ನಕ್ಷೆ, ಕಾಗದ ಏನೂ ಇಲ್ಲ. 30 ಸೆಂಟ್ಸ್ ಜಾಗದಲ್ಲಿ ಸರಾಸರಿ 5 ಅಡಿ ನೀರು ಅಂತ ಲೆಕ್ಕ ಹಾಕಿದರೆ 18 ಲಕ್ಷ ಲೀಟರಿಗೂ ಜಾಸ್ತಿ. ಗಣಿತ ಕಲಿಸಿದವಳು ನಾನು, ಲೆಕ್ಕ ಹಾಕದೆ ಕೂರಲಾಗುವುದಿಲ್ಲ. 6,000 ಲೀಟರಿನ ಟ್ಯಾಂಕರ್ ಆದರೆ 300 ಟ್ಯಾಂಕರ್.

ಅದರಿಂದ ನಾವು ಒಂದು ಕೊಡ ನೀರನ್ನೂ ನೇರವಾಗಿ ತೆಗೆಯುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ ಸುರಿದು ಕಡಲು ಸೇರುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ನೆಲ ಜರಡಿ ಇದ್ದ ಹಾಗೆ. ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಮದಕದ ಕೆಲಸ ನೀರನ್ನು ಸ್ವಲ್ಪ ತಡೆದು, ನಿಧಾನವಾಗಿ ಕೆಳಗಿನ ಬಾವಿಗಳಿಗೂ ಅಡಿಕೆ ತೋಟಕ್ಕೂ ಇಳಿಸುವುದು. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟು ಬತ್ತಿ ಉಡುಪಿ ಪೇಟೆಯವರು ನೀರಿಗಾಗಿ ಕಾಯುತ್ತಿದ್ದಾಗಲೂ ನಮ್ಮ ಬಾವಿಯಲ್ಲಿ ಕೊಡಪಾನ ಮುಳುಗುತ್ತಿತ್ತು.

ಹಾಗಾದರೆ ಪಾಯಸ ಯಾಕೆ ಇಳಿಯಲಿಲ್ಲ? 2020ರ ಸೆಪ್ಟೆಂಬರ್ 20 ನೆನಪಾಯಿತು. ಉಡುಪಿಯಲ್ಲಿ ಮನೆಗಳಿಗೆ ನೀರು ನುಗ್ಗಿದ ಆ ಭಾನುವಾರ. ಹಿಂದಿನ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದರೆ ನೀರು ದಂಡೆಯ ತಲೆಗೆ ಒಂದು ಗೇಣು ಮಾತ್ರ ಬಾಕಿ. ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿಗೆ ತೆಂಗಿನ ಸೋಗೆ, ಅಡಿಕೆ ಹಾಳೆ ಎಲ್ಲ ಸೇರಿ ಬಿರಡೆ ಹಾಕಿದ ಹಾಗೆ ಕೂತಿತ್ತು. ಗಂಡ ಕತ್ತಿಯಲ್ಲಿ ಕಡಿದು ಎಳೆದ ಮೇಲೆ ಭರ್ರನೆ ಹೋಯಿತು. ಮಣ್ಣಿನ ದಂಡೆ ನೀರನ್ನು ತಡೆಯುತ್ತದೆ, ಆದರೆ ತಲೆಯ ಮೇಲೆ ಹರಿಯುವ ನೀರನ್ನು ತಡೆದುಕೊಳ್ಳುವುದಿಲ್ಲ. ಒಮ್ಮೆ ಮೇಲಿಂದ ಹರಿಯಲು ಶುರುವಾದರೆ ಹೊರಮೈ ಕೊರೆದು ಕೊರೆದು ದಂಡೆಯನ್ನೇ ಒಯ್ಯುತ್ತದೆ.

ಆಗ ಒಡೆದಿದ್ದರೆ ಕೆಳಗಿನ ಎರಡು ಗದ್ದೆಗೆ ಮಣ್ಣು ತುಂಬುತ್ತಿತ್ತು, ಅಷ್ಟೆ. ಈಗ ಆ ಗದ್ದೆಯಲ್ಲಿ ಟೈಲ್ಸ್ ಹಾಕಿದ ಮನೆ ಇದೆ, ಅದರಲ್ಲಿ ಎರಡು ಮಕ್ಕಳಿದ್ದಾರೆ. ದಂಡೆ ಅದೇ, ನೀರೂ ಅದೇ.

ದಂಡೆ ಒಡೆಯುವ ಇನ್ನೊಂದು ದಾರಿ ಒಳಗಿನದು. ಅಪ್ಪಯ್ಯ ಪ್ರತಿ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ದಂಡೆಯ ಬುಡದ ಒಸರು ನೀರನ್ನು ಗಾಜಿನ ಬಾಟ್ಲಿಯಲ್ಲಿ ಹಿಡಿದು ಕಿಟಕಿಯಲ್ಲಿ ಇಡುತ್ತಿದ್ದರು. ಮಾರನೇ ದಿನ ತಳದಲ್ಲಿ ಮಣ್ಣು ಕೂತಿದೆಯಾ ಅಂತ ನೋಡುವುದು. ಮಕ್ಕಳಾದ ನಮಗೆ ಅದೊಂದು ಮರುಳು ಅಂತ ಕಾಣುತ್ತಿತ್ತು. ಈಗ ಅರ್ಥವಾಗುತ್ತದೆ. ತಿಳಿ ನೀರು ಒಸರಿದರೆ ತೊಂದರೆ ಇಲ್ಲ, ಮಣ್ಣಿನ ದಂಡೆ ಸ್ವಲ್ಪ ಬೆವರಿಯೇ ಬೆವರುತ್ತದೆ. ಕದಡಿದ ನೀರು ಬಂದರೆ ಒಳಗೆ ಮಣ್ಣು ಕೊಚ್ಚಿ ಹೋಗಿ ಕೊಳವೆಯಾಗುತ್ತಿದೆ ಅಂತ ಅರ್ಥ. ಹೆಗ್ಗಣ, ಮುಳ್ಳುಹಂದಿ, ಏಡಿ, ಸತ್ತ ಮರದ ಬೇರು, ಎಲ್ಲವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. 2019ರ ಜುಲೈಯಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ರಾತ್ರಿ ಒಡೆದು ಕೆಳಗಿನ ಮನೆಗಳು ಕೊಚ್ಚಿ ಹೋದಾಗ, ಅಲ್ಲಿಯ ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದ್ದರು. ಸೋರುತ್ತಿದೆ ಅಂತ ಊರಿನವರು ಮೊದಲೇ ಹೇಳಿದ್ದರು. ಪಾಪದ ಏಡಿ!

ನಮ್ಮದಕ್ಕೆ ಯಾರೂ ಬಂದು ನೋಡುವುದಿಲ್ಲ. 2021ರ ಅಣೆಕಟ್ಟು ಸುರಕ್ಷತೆ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ. ನಮ್ಮದು 3 ಮೀಟರೂ ಇಲ್ಲ. ಹಾಗಾಗಿ ಇಂಜಿನಿಯರ್, ಇನ್‌ಸ್ಪೆಕ್ಟರ್, ವಾಚ್‌ಮನ್ ಎಲ್ಲ ನಾನೇ.

ಮೊದಲು ಒಬ್ಬ ಕಂಟ್ರಾಕ್ಟರನ್ನು ಕರೆದೆ. ದಂಡೆ ಎತ್ತರ ಮಾಡಿದರಾಯಿತು ಅಂತ ಅವನು ಎಲ್ಲಿಂದಲೋ ಎರಡು ಲೋಡ್ ಶೇಡಿ ಮಣ್ಣು ತಂದು ಸುರಿದ. ಬೆಳ್ಳಗೆ ಚಂದ ಕಾಣುತ್ತಿತ್ತು. ಮೊದಲ ಮಳೆಗೆ ಹಿಟ್ಟು ಕರಗಿದ ಹಾಗೆ ಕರಗಿ ತೋಡಿನಲ್ಲಿ ಹಾಲು ಹರಿಯಿತು. ಮುರಕಲ್ಲಿನ ಅಡಿಯ ಈ ಮಣ್ಣು ನೀರು ಕುಡಿದರೆ ನಿಲ್ಲುವುದಿಲ್ಲ ಅಂತ ನಮ್ಮಲ್ಲಿ ಬಾವಿ ತೋಡುವವರಿಗೆಲ್ಲ ಗೊತ್ತು. ಅವನು ಇನ್ನೂ ಒಂದು ಹೇಳಿದ್ದ, ಜೆಸಿಬಿ ಇಳಿಸಿ ಮದಕವನ್ನು ಆಳ ಮಾಡುವ ಅಂತ. ಬೇಡವೇ ಬೇಡ ಅಂದೆ. ತಳದಲ್ಲಿ ಕೂತ ಕೆಸರನ್ನು ಪೂರ್ತಿ ಕೆರೆದು ಮುರಕಲ್ಲು ಕಂಡರೆ ನೀರು ನಿಲ್ಲುವುದೇ ಇಲ್ಲ.

2023ರ ಬೇಸಿಗೆಯಲ್ಲಿ ನೀರು ತಗ್ಗಿದಾಗ ಬೇರೆ ಕೆಲಸ ಮಾಡಿಸಿದೆ. ದಂಡೆಯ ಮೇಲಿನ ಹಲಸಿನ ಮರ ಹೋಯಿತು. ಬರೀ ಕಡಿದರೆ ಬೇರು ಕೊಳೆತು ಸುರಂಗವಾಗುತ್ತದೆ. ಹಾಗಾಗಿ ಬೇರು ಸಮೇತ ಅಗೆದು, ಜಿಗುಟು ಮಣ್ಣನ್ನು ಅರ್ಧ ಅಡಿ ಅರ್ಧ ಅಡಿಯಾಗಿ ಹಾಕಿ, ನೀರು ಚಿಮುಕಿಸಿ ಗುದ್ದಿಸಿದೆ. ಹಣ್ಣು ಮಾತ್ರ ಜೇನಿನ ಹಾಗಿತ್ತು, ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ದಂಡೆ ಎತ್ತರ ಮಾಡುವ ಬದಲು ಕೋಡಿಯನ್ನೇ ತಗ್ಗಿಸಿದೆ. ಎರಡು ವರಸೆ ಕಲ್ಲು, ಸುಮಾರು ಒಂದೂವರೆ ಅಡಿ. ಅಗಲವನ್ನೂ ಜಾಸ್ತಿ ಮಾಡಿಸಿದೆ. ಅದರಲ್ಲಿ 90 ಟ್ಯಾಂಕರ್ ನೀರು ಹೋಯಿತು. ಗಂಡ ಎರಡು ದಿನ ಮಾತಾಡಲಿಲ್ಲ. "ಅಜ್ಜ ಕಟ್ಟಿದ್ದನ್ನು ಕೆಡವುವುದಾ?" ಅಂತ ಅವರ ವಾದ. ಅಜ್ಜ ನನ್ನ ಅಜ್ಜ, ಅವರದ್ದಲ್ಲ.

ಈಗ ಆಟಿಯಲ್ಲಿ ಬಾಟ್ಲಿ ಇಡುವುದು ನಾನು. ಮಳೆ ಜೋರಾದ ದಿನ ಸಂಜೆ ಒಮ್ಮೆ ಕೋಡಿಯ ಸೋಗೆ ತೆಗೆದು ಬರುತ್ತೇನೆ.

ಮೊನ್ನೆ ಮೇ ತಿಂಗಳಲ್ಲಿ ಕೆಳಗಿನ ಮನೆಯವರು ಬಂದರು. ಮುಖ ಸಪ್ಪೆ. ಅವರ ಬಾವಿಯಲ್ಲಿ ನೀರು ಒಂದು ಕೋಲು ಕೆಳಗೆ ಹೋಗಿದೆಯಂತೆ.

"ಟೀಚರ್, ಆ ಕೋಡಿಗೆ ಒಂದು ವರಸೆ ಕಲ್ಲು ವಾಪಸ್ ಇಡ್ಲಿಕ್ಕೆ ಆಗ್ತದಾ?"