ನಿಂಬೆ ಗಿಡದಲ್ಲಿ ಜೇನಿನ ಪಾಲು

9 ಮಾರ್ಚ್ 2025, ಭಾನುವಾರ

ಬೆಳಿಗ್ಗೆ 10.40. ಹಿತ್ತಲಿನ ನಿಂಬೆ ಗಿಡದ ಕವಲಿನಲ್ಲಿ, ನೆಲದಿಂದ ಸುಮಾರು 6 ಅಡಿ ಮೇಲೆ, ಸಣ್ಣ ಸೋರೆಕಾಯಿ ಗಾತ್ರದ ಜೇನಿನ ಗೊಂಚಲು. ಕಾಲು ಗಂಟೆ ಹಿಂದೆ ಹಿತ್ತಲಿಡೀ ಗುಂಯ್‌ಗುಡುತ್ತಿದ್ದದ್ದು ಈಗ ಒಂದೇ ಕಡೆ ಸದ್ದಿಲ್ಲದೆ ಜೋತುಬಿದ್ದಿದೆ.

ಗೂಡೋ, ತಂಗಿದ ಗುಂಪೋ? ಎರಿಯ (ಮೇಣದ ಕೋಶಗಳ ತಟ್ಟೆಯ) ಬಿಳಿ ಅಂಚು ಎಲ್ಲೂ ಕಾಣುತ್ತಿಲ್ಲ, ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಬರುವ ಹುಳವೂ ಇಲ್ಲ. ಅಂದರೆ ಪಾಲಾಗಿ ಹೊರಟ ಕುಟುಂಬ. ಹಳೆಯ ಗೂಡಿನಲ್ಲಿ ಹೊಸ ರಾಣಿ ಬೆಳೆಯುವ ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಹಳೆಯ ರಾಣಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರ ಜೇನುಗಳೊಂದಿಗೆ ಹೊರಬೀಳುತ್ತಾಳೆ. ಹೊರಡುವ ಮುನ್ನ ಎಲ್ಲವೂ ಹೊಟ್ಟೆ ತುಂಬ ಜೇನುತುಪ್ಪ ಹೀರಿಕೊಂಡಿರುತ್ತವೆ. ಕಾಯಲು ಮರಿಯಿಲ್ಲ, ದಾಸ್ತಾನಿಲ್ಲ, ಹಾಗಾಗಿ ಚುಚ್ಚುವ ಉಮೇದೂ ಕಡಿಮೆ. ಆದರೆ ಈ ಸೌಮ್ಯತನಕ್ಕೆ ವಾಯಿದೆ ಇದೆ. ಎರಡು ಮೂರು ದಿನ ಹಸಿದರೆ ಅಥವಾ ಮಳೆಗೆ ನೆಂದರೆ ಅದೇ ಗುಂಪು ಸಿಡುಕುತ್ತದೆ.

ಜಾತಿಯನ್ನು ಹತ್ತು ಹೆಜ್ಜೆ ದೂರದಿಂದಲೇ ಗುರುತಿಸಬೇಕು. ಇವು ಒಂದು ಸೆಂಟಿಮೀಟರ್ ಆಸುಪಾಸಿನ, ಹೊಟ್ಟೆಗೆ ಪಟ್ಟೆಯಿರುವ ತುಡುವೆ. ಪೆಟ್ಟಿಗೆಗೆ ಒಗ್ಗುತ್ತವೆ. ಹೆಚ್ಚುಕಡಿಮೆ ಇದರ ಎರಡರಷ್ಟು ಉದ್ದದ ಹುಳಗಳು ಎತ್ತರದಲ್ಲಿ ಪರದೆಯಂತೆ ಹರಡಿದ್ದರೆ ಅದು ಹೆಜ್ಜೇನು. ಅದಕ್ಕೆ ಹೊಗೆಯಿಲ್ಲ, ಕೋಲಿಲ್ಲ, ಪೆಟ್ಟಿಗೆಯೂ ಇಲ್ಲ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಸೇರಿಸಿ ಸುಮ್ಮನಿರಬೇಕು. ವಲಸೆ ಹೊರಟ ಹೆಜ್ಜೇನು ಕೆಲವು ದಿನ ತಂಗಿ ತಾನೇ ಹೊರಟುಹೋಗುತ್ತದೆ.

11.15. ಜೇನು ಸಾಕುವವರಿಗೆ ಫೋನ್. ‘ಜೇನು ಕೂತಿದೆ, ಬನ್ನಿ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವಾಗಿನಿಂದ ಕೂತಿದೆ, ಎಷ್ಟು ಎತ್ತರ, ಗೊಂಚಲು ಎಷ್ಟು ದಪ್ಪ, ಕೊಂಬೆ ಕತ್ತರಿಸಬಹುದೇ, ಎರಿ ಕಂಡಿದೆಯೇ, ಇಷ್ಟು ಹೇಳಬೇಕು. ಒಂದು ಫೋಟೊ ಕಳಿಸಿದರೆ ಅರ್ಧ ಪ್ರಶ್ನೆ ಮುಗಿಯಿತು. ‘ಯಾರಾದರೂ ಔಷಧಿ ಹೊಡೆದಿದ್ದಾರಾ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೀಟನಾಶಕ ಬಿದ್ದ ಗುಂಪನ್ನು ಪೆಟ್ಟಿಗೆಗೆ ಹಾಕಿದರೂ ಉಳಿಯುವುದಿಲ್ಲ, ಆದ್ದರಿಂದ ಮುಚ್ಚಿಡಬಾರದು. ತಡವೂ ಮಾಡಬಾರದು. ಗೊಂಚಲಿನ ಮೈಮೇಲೆಯೇ ಕೆಲವು ಹುಳಗಳು ಹೊಟ್ಟೆ ಅಲ್ಲಾಡಿಸುತ್ತ ಕುಣಿಯುತ್ತಿವೆ. ಪೊಟರೆ ಹುಡುಕಿ ಬಂದವು ಅದರ ದಿಕ್ಕನ್ನೂ ದೂರವನ್ನೂ ಹೇಳುವ ಕುಣಿತ ಅದು. ಹೆಚ್ಚಿನವು ಒಂದೇ ದಿಕ್ಕಿಗೆ ಕುಣಿಯತೊಡಗಿದರೆ ಹೊರಡುವ ಹೊತ್ತು ಬಂತೆಂದೇ ಲೆಕ್ಕ. ಕೆಲವು ಗುಂಪು ಗಂಟೆಯೊಳಗೆ ಏಳುತ್ತದೆ, ಕೆಲವು ಮೂರು ದಿನ ಕೂರುತ್ತದೆ.

ಸಂಜೆ 4.30. ಜೇನು ಸಾಕುವವರು ಬಂದರು. ಮುಖ ಪರದೆ, ಮೆತ್ತನೆಯ ಬ್ರಷ್, ನೀರಿನ ಸ್ಪ್ರೇ, ಪೆಟ್ಟಿಗೆ. ಹೊಗೆ ತಿದಿ ಬಂದಿದೆ, ಹಚ್ಚಿಲ್ಲ. ತೂಗುವ ಗೊಂಚಲಿಗೆ ಹೊಗೆ ಕೊಟ್ಟರೆ ಅದು ಚದುರುತ್ತದೆ. ಪೆಟ್ಟಿಗೆಯಲ್ಲಿ ಆರೋಗ್ಯವಂತ ಕುಟುಂಬದಿಂದ ತಂದ, ಮುಚ್ಚಳ ಬೀಳದ ಎಳೆ ಮರಿಗಳಿರುವ ಒಂದು ಎರಿ. ಹಿಡಿದ ಜೇನು ಮರುದಿನ ಪರಾರಿಯಾಗದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಲಂಗರಿಲ್ಲ. ಮರಿಯನ್ನು ಬಿಟ್ಟುಹೋಗಲು ಅವಕ್ಕೆ ಮನಸ್ಸು ಬರುವುದಿಲ್ಲ.

ನೀರನ್ನು ಹನಿಹನಿಯಾಗಿ ಚಿಮುಕಿಸಿ, ಪೆಟ್ಟಿಗೆಯನ್ನು ಗೊಂಚಲಿನ ಕೆಳಗೆ ಒತ್ತಿ ಹಿಡಿದು, ಕೊಂಬೆಗೆ ಒಂದೇ ಒಂದು ಜೋರು ಜಾಡಿಸು. ಮೆಲ್ಲಗೆ ಅಲ್ಲಾಡಿಸಿದರೆ ಅರ್ಧ ಬಿದ್ದು ಅರ್ಧ ಹಾರುತ್ತವೆ. ಇಡೀ ಕೆಲಸ ನಿಂತಿರುವುದು ರಾಣಿಯ ಮೇಲೆ. ಅವಳು ಒಳಗೆ ಬಿದ್ದಿದ್ದರೆ ಬಾಗಿಲಲ್ಲಿ ಕೆಲಸಗಾರರು ಬೆನ್ನ ತುದಿ ಎತ್ತಿ ರೆಕ್ಕೆ ಬೀಸಿ ವಾಸನೆ ಹರಡುತ್ತವೆ, ಉಳಿದವು ಸಾಲುಗಟ್ಟಿ ನಡೆದು ಒಳ ಸೇರುತ್ತವೆ. ಕೊಂಬೆಯಲ್ಲೇ ಉಳಿದಿದ್ದರೆ ಸ್ವಲ್ಪ ಹೊತ್ತಿಗೆ ಎಲ್ಲ ಮತ್ತೆ ಮೇಲೆಯೇ ಕೂತಿರುತ್ತವೆ. ಆಗ ಇನ್ನೊಮ್ಮೆ ಜಾಡಿಸಬೇಕು, ಬೇರೆ ದಾರಿಯಿಲ್ಲ.

ಹಿಡಿದ ಕೂಡಲೇ ಪೆಟ್ಟಿಗೆ ಎತ್ತಬಾರದು. ಹೊರಗೆ ಹೋದ ಹುಳಗಳು ಬೆಳಕಿರುವವರೆಗೂ ಬರುತ್ತಿರುತ್ತವೆ. ಪೆಟ್ಟಿಗೆಯನ್ನು ಗಿಡದ ಬುಡದ ನೆರಳಿನಲ್ಲಿ ಬಿಟ್ಟು ಕತ್ತಲಾದ ಮೇಲೆ ಬಾಗಿಲಿಗೆ ತಂತಿ ಜಾಲರಿ ಬಡಿದರು. ಗಾಳಿಯಾಡದಂತೆ ಹಲಗೆ ಮುಚ್ಚಿ ಸಾಗಿಸಿದರೆ ಒಳಗೆ ಸೆಕೆಯೇರಿ, ತುಪ್ಪ ಕಾರಿಕೊಂಡು ರಾಶಿ ಸಾಯುತ್ತವೆ.

ಹೊಸ ಜಾಗದಲ್ಲಿ ಸಕ್ಕರೆ, ನೀರು ಸಮಪಾಲಿನ ಪಾಕ, ದಿನಕ್ಕೊಂದು ಲೋಟದಂತೆ, ಅದೂ ಸಂಜೆಯೇ. ಹಗಲಲ್ಲಿ ಚೆಲ್ಲಿದ ಹನಿ ಬೇರೆ ಗೂಡಿನ ಜೇನನ್ನು ಕೊಳ್ಳೆಗೆ ಕರೆಯುತ್ತದೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಹತ್ತುತ್ತದೆ. ಬಾಗಿಲಿಗೆ ಹಾಕುವ, ಕೆಲಸಗಾರರು ದಾಟಬಲ್ಲ ಆದರೆ ರಾಣಿ ದಾಟಲಾರದ ರಾಣಿ ತಡೆ ಗೇಟ್‌ನಲ್ಲಿ ತಪ್ಪುವವರೇ ಹೆಚ್ಚು. ಮೊಟ್ಟೆಯಿಡುವ ಹಳೆಯ ರಾಣಿಯಾದರೆ ಎರಿ ಕಟ್ಟುವವರೆಗೆ, ನಾಲ್ಕೈದು ದಿನ, ಇರಲಿ. ಮೊದಲ ಪಾಲಾಗಿ ವಾರ ಹತ್ತು ದಿನಕ್ಕೆ ಎದ್ದ ಚಿಕ್ಕ ಗುಂಪಿನಲ್ಲಿ ಇನ್ನೂ ಮಿಲನವಾಗದ ರಾಣಿಯಿರುತ್ತಾಳೆ. ಅವಳು ಹಾರಿ ಗಂಡು ಜೇನುಗಳನ್ನು ಕೂಡಿ ಬರಲೇಬೇಕು. ಗೇಟ್ ಹಾಕಿಟ್ಟು ಮರೆತರೆ ಮುಂದೆ ಅವಳಿಡುವ ಮೊಟ್ಟೆಗಳಿಂದ ಗಂಡು ಜೇನು ಮಾತ್ರ ಹುಟ್ಟಿ ಕುಟುಂಬ ಸವೆದುಹೋಗುತ್ತದೆ.

10 ಮಾರ್ಚ್, ಸೋಮವಾರ

ಕವಲಿನಲ್ಲಿ ಇಪ್ಪತ್ತು ಮೂವತ್ತು ಹುಳ ಉಳಿದಿವೆ. ತೊಗಟೆಗೆ ಮೇಣದ ಬಿಳಿ ಚೂರು ಅಂಟಿದೆ, ರಾಣಿಯ ವಾಸನೆ ಇನ್ನೂ ಇದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.