ನೇಪಾಳದ ಮಕ್ಕಳ ಮನೆಗೆ ಸೇವೆಗೆಂದು ಹೊರಟವರಿಗೆ

ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದುವವರು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವವರು, ಕಂಪನಿಯಿಂದ ಎರಡು ವಾರ ರಜೆ ಸಿಕ್ಕವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ. ‘ಕಠ್ಮಂಡುದಾಗ ಒಂದು ಅನಾಥಾಶ್ರಮ ಐತ್ರಿ. ಇರೂದು, ಉಣ್ಣೂದು ಎಲ್ಲಾ ಅವರೇ ನೋಡ್ಕೋತಾರಂತ. ನಾವು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೂದಂತ. ಹೋಗಬೇಕೋ ಬ್ಯಾಡೋ?’

ಮಕ್ಕಳ ಜೊತೆ ಇದ್ದು ಬರುವುದಕ್ಕೆಂದು ಎರಡು ವಾರ, ಒಂದು ತಿಂಗಳ ಮಟ್ಟಿಗೆ ಹೋಗುವುದು ಬೇಡ. ಹೋಗಲೇಬೇಕೆಂದಿದ್ದರೆ ಬೇರೆ ಕೆಲಸ ಹಿಡಿದು ಹೋಗಿ. ಇದು ಕಟುವಾಗಿ ಕೇಳಿಸುತ್ತದೆ, ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕು.

ಆ ಮನೆಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅವ್ವನೋ ಇದ್ದಾರೆ. ನೇಪಾಳದ ಅನಾಥಾಶ್ರಮಗಳಲ್ಲಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ತಂದೆ-ತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದಾರೆ ಎಂದು ಯುನಿಸೆಫ್ ಹೇಳಿದೆ. ಕಾಂಬೋಡಿಯಾದಲ್ಲಿ ನಾಲ್ವರಲ್ಲಿ ಮೂವರಿಗೆ. ಅದೇ ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಇಂಥ ಮನೆಗಳ ಸಂಖ್ಯೆ ನೂರಕ್ಕೆ 75ರಷ್ಟು ಏರಿತು. ಆ ವರ್ಷಗಳಲ್ಲಿ ಅಲ್ಲಿ ಯುದ್ಧವೇನೂ ಇರಲಿಲ್ಲ, ಹೆಚ್ಚಿದ್ದು ಪ್ರವಾಸಿಗರು. ನೇಪಾಳದಲ್ಲೂ ಮಕ್ಕಳ ಮನೆಗಳು ಒತ್ತಾಗಿ ಇರುವುದು ಪ್ರವಾಸಿಗರು ಹೆಚ್ಚು ಬರುವ ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತ್ವಾನ್ ಜಿಲ್ಲೆಗಳಲ್ಲಿ. ಬಡತನ ಹೆಚ್ಚಿರುವ ಹುಮ್ಲಾ, ಜುಮ್ಲಾದಲ್ಲಿ ಅಲ್ಲ. ಅನಾಥರಿಗಾಗಿಯೇ ಕಟ್ಟಿದ್ದಾದರೆ ಅವು ಇರಬೇಕಾದ ಜಾಗ ಬೇರೆ.

ಹುಮ್ಲಾ ಟಿಬೆಟ್ ಗಡಿಗೆ ತಾಗಿದ ಗುಡ್ಡಗಾಡು ಜಿಲ್ಲೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಂಘರ್ಷದಲ್ಲಿ ಮಕ್ಕಳ ಕೈಗೆ ಬಂದೂಕು ಕೊಡುತ್ತಾರೆಂಬ ಭಯ ಅಲ್ಲಿನ ಹೆತ್ತವರಿಗಿತ್ತು. ‘ಕಠ್ಮಂಡುದ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ’ ಎಂದು ಬಂದ ದಲ್ಲಾಳಿಗಳಿಗೆ ಅವರು ಹಣ ಕೊಟ್ಟು ಮಕ್ಕಳನ್ನು ಒಪ್ಪಿಸಿದರು. ಮಕ್ಕಳು ಹೋಗಿ ಸೇರಿದ್ದು ಅನಾಥಾಶ್ರಮಕ್ಕೆ. ಕಾಗದದ ಮೇಲೆ ಅಪ್ಪ-ಅವ್ವನನ್ನು ಸಾಯಿಸಿ, ಹೆಸರು ಬದಲಿಸಿ, ಬಂದವರ ಮುಂದೆ ನಿಲ್ಲಿಸಿದರು. ಆ ದಂಧೆಗೆ ಗಿರಾಕಿ ಯಾರೆಂದರೆ ಕನಿಕರದಿಂದ ಬಂದ ಸ್ವಯಂಸೇವಕ. ಆಸ್ಟ್ರೇಲಿಯಾದ ಸಂಸತ್ತು 2017ರಲ್ಲಿ ಆಧುನಿಕ ಗುಲಾಮಗಿರಿಯ ಬಗ್ಗೆ ನಡೆಸಿದ ವಿಚಾರಣೆಯಲ್ಲಿ ಈ ವಿಷಯವನ್ನೂ ಎತ್ತಿಕೊಂಡಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಶ್ರಮದ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ಹೆಸರಿಸಿತು.

ನಮ್ಮ ಕಡೆಯವರಿಗೆ ಇದು ಅರ್ಥವಾಗಬೇಕಾದರೆ ಪ್ರಸಾದ ನಿಲಯಗಳನ್ನು ನೆನಪಿಸಿಕೊಂಡರೆ ಸಾಕು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಭಾಗದ ತುಂಬ ಇದ್ದಾರೆ. ಮನೆಯಲ್ಲಿ ಬಡತನವಿತ್ತು, ಊರಲ್ಲಿ ಹೈಸ್ಕೂಲು ಇರಲಿಲ್ಲ, ಅಪ್ಪ ತಂದು ಬಿಟ್ಟು ಹೋದ. ಹಾಗೆಂದು ಅವರನ್ನು ಯಾರೂ ಅನಾಥರೆನ್ನಲಿಲ್ಲ. ದಸರೆಗೆ, ದೀಪಾವಳಿಗೆ ಊರಿಗೆ ಹೋಗುತ್ತಿದ್ದರು, ಬರುವಾಗ ರೊಟ್ಟಿ-ಚಟ್ನಿ ಗಂಟು ತರುತ್ತಿದ್ದರು. ಹುಮ್ಲಾದ ಅಪ್ಪ ಮಾಡಲು ಹೊರಟದ್ದೂ ಅಷ್ಟನ್ನೇ.

ಹಾಗಾಗಿ ನೇಪಾಳದ ಯಾವುದೇ ಮನೆಯವರನ್ನು ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ದಸೈನ್ ಹಬ್ಬಕ್ಕೆ ಎಷ್ಟು ಮಕ್ಕಳು ಊರಿಗೆ ಹೋದರು?’ ನಮ್ಮ ನವರಾತ್ರಿಯ ಹೊತ್ತಿಗೇ ಬರುವ ದಸೈನ್ ಅವರ ದೊಡ್ಡ ಹಬ್ಬ, ಹಿರಿಯರ ಕೈಯಿಂದ ಹಣೆಗೆ ಟೀಕಾ ಹಚ್ಚಿಸಿಕೊಳ್ಳದೆ ಅದು ಮುಗಿಯುವುದಿಲ್ಲ. ನೆಟ್ಟಗೆ ನಡೆಯುವ ಮನೆಯವರು ಎಷ್ಟು ಮಂದಿ ಹೋದರು, ಉಳಿದವರು ಯಾಕೆ ಹೋಗಲಾಗಲಿಲ್ಲ ಎಂದು ಹೇಳುತ್ತಾರೆ. ‘ಇವರಿಗೆ ಯಾರೂ ಇಲ್ಲ, ಎಲ್ಲರೂ ಇಲ್ಲೇ ಇರುತ್ತಾರೆ, ಹಬ್ಬಕ್ಕೆ ನೀವೂ ಬನ್ನಿ’ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಿ.

ಮಕ್ಕಳು ಹಚ್ಚಿಕೊಳ್ಳುವ ವಿಷಯಕ್ಕೆ ಬರೋಣ. ‘ಹೋದ ಕೂಡಲೇ ಓಡಿ ಬಂದು ತೊಡೆ ಏರಿ ಕೂತವು, ಎಷ್ಟು ಪ್ರೀತಿ ಅವಕ್ಕ’ ಎಂದು ಹೋಗಿ ಬಂದವರು ಹೇಳುತ್ತಾರೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಕೂಸು ಹೊಸಬರನ್ನು ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತದೆ. ಅದು ಆರೋಗ್ಯದ ಲಕ್ಷಣ. ಸಿಕ್ಕವರನ್ನೆಲ್ಲ ತಬ್ಬುವ ಮಗುವಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಗೆರೆಯೇ ಮೂಡಿಲ್ಲ. ಪಾಳಿ ಬದಲಾಗುವ ಆಯಾಗಳು, ತಿಂಗಳಿಗೊಮ್ಮೆ ಬದಲಾಗುವ ಅಕ್ಕ-ಅಣ್ಣಂದಿರ ನಡುವೆ ಬೆಳೆದರೆ ಆಗುವುದು ಹೀಗೆ. ಅಂಥ ಮಗು ಮೋಸಗಾರನ ಕೈಗೂ ಅಷ್ಟೇ ಸಲೀಸಾಗಿ ಹೋಗುತ್ತದೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಹೊತ್ತಿಗೆ ಆರಂಭವಾದ ಅಧ್ಯಯನ, ಸಂಸ್ಥೆಗಳಲ್ಲಿದ್ದ 136 ಕೂಸುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕಳಿಸಿತು. ಕುಟುಂಬ ಸೇರಿದವರ ಬುದ್ಧಿಶಕ್ತಿಯೂ ಹಚ್ಚಿಕೊಳ್ಳುವ ಗುಣವೂ ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದವು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ. ಮೂರು ವರ್ಷದ ಒಳಗಿನ ಮಕ್ಕಳನ್ನು ಕುಟುಂಬದ ವಾತಾವರಣದಲ್ಲೇ ಇಡಬೇಕು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳುವುದೂ ಇದಕ್ಕೇ.

ಇಂಗ್ಲಿಷ್ ಪಾಠದ ಕತೆ ಇನ್ನೊಂದು. ಒಬ್ಬರು ಬಂದು ಎಬಿಸಿಡಿಯಿಂದ ಶುರು ಮಾಡಿ ಬಣ್ಣಗಳ ಹೆಸರಿಗೆ ಬರುವಷ್ಟರಲ್ಲಿ ಅವರ ರಜೆ ಮುಗಿಯುತ್ತದೆ. ಮುಂದಿನವರು ಮತ್ತೆ ಎಬಿಸಿಡಿ. ಎಲ್ಲಿಗೆ ಬಂತೆಂದು ಬರೆದಿಡುವ ಒಂದು ನೋಟ್‌ಬುಕ್ ಕೂಡ ಇರುವುದಿಲ್ಲ. ಮಕ್ಕಳು ಮಾತ್ರ ಮೊದಲ ಸಲ ಕೇಳಿದವರಂತೆ ಕೂಗಿ ಹೇಳುತ್ತಾರೆ, ಅದೂ ಅವರಿಗೆ ರೂಢಿ.

ಇನ್ನು ದುಡ್ಡು. ಬಡವಾಗಿ ಕಾಣಿಸಿದಷ್ಟೂ ಕಾಣಿಕೆ ಬರುವುದರಿಂದ ಕೆಲವು ಮನೆಗಳು ಬಡವಾಗಿಯೇ ಉಳಿಯುತ್ತವೆ. ಕೊಟ್ಟ ಕಂಬಳಿ, ಆಟಿಕೆ ಕಪಾಟಿನಲ್ಲಿ ಬೀಗದೊಳಗೆ ಇರುತ್ತವೆ. ಕಾಂಬೋಡಿಯಾದ ಸೀಮ್ ರೀಪ್‌ನ ಬೀದಿಗಳಲ್ಲಿ ಕೂಸನ್ನು ಎತ್ತಿಕೊಂಡು ‘ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ’ ಎನ್ನುತ್ತಾರೆ. ಕೊಡಿಸಿದ ಡಬ್ಬಿ ಅದೇ ಅಂಗಡಿಗೆ ವಾಪಸ್ ಹೋಗುತ್ತದೆ, ಹಣ ಹಂಚಿಕೆಯಾಗುತ್ತದೆ. ಏಜೆನ್ಸಿ ಮೂಲಕ ಹೋಗುವವರು ಶುಲ್ಕದ ಲೆಕ್ಕ ಕೇಳಬೇಕು: ಮನೆಗೆ ಎಷ್ಟು, ನಿಮ್ಮ ಊಟ-ವಸತಿಗೆ ಎಷ್ಟು, ಏಜೆನ್ಸಿಗೆ ಎಷ್ಟು, ಬರಹದಲ್ಲಿ. ‘ಎಲ್ಲಾ ಮಕ್ಕಳಿಗೇ’ ಎನ್ನುವುದು ಲೆಕ್ಕವಲ್ಲ.

ಕಾಗದಪತ್ರದಲ್ಲಿ ಭಾರತೀಯರಿಗೆ ಒಂದು ವಿಚಿತ್ರ ತೊಡಕಿದೆ. ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಕೆಲಸ ಮಾಡುವುದೂ ನಿಷಿದ್ಧ. ಉಳಿದ ದೇಶದವರಿಗೆ ಆ ಒಂದು ಗೇಟಾದರೂ ಇದೆ. ನಮಗೆ ವೀಸಾವೇ ಬೇಡವಾದ್ದರಿಂದ ಯಾರೂ ತಡೆದು ಕೇಳುವುದಿಲ್ಲ, ಕೇಳುವ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿಯ ಅಸಲು ಪ್ರತಿ ಬೇಕು. 15ರಿಂದ 65 ವರ್ಷದೊಳಗಿನವರ ಆಧಾರ್ ಕಾರ್ಡ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲದವರಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ, 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ 2000. ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, ಈ ದರ ಏರಿಳಿಯುವುದಿಲ್ಲ.

ಪೊಲೀಸ್ ಪ್ರಮಾಣಪತ್ರವನ್ನು ಕೇಳದ ಮಕ್ಕಳ ಮನೆಗೆ ಹೋಗಬೇಡಿ. ನಿಮ್ಮನ್ನು ಕೇಳಲಿಲ್ಲ ಅಂದರೆ ನಿಮಗಿಂತ ಮೊದಲು ಬಂದವರನ್ನೂ ಕೇಳಿರುವುದಿಲ್ಲ. ಇಲ್ಲಿ ಹಲವರು ಎಡವುತ್ತಾರೆ: ಪಾಸ್‌ಪೋರ್ಟ್ ಕಚೇರಿ 500 ರೂಪಾಯಿಗೆ ಕೊಡುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಉದ್ಯೋಗ, ವಾಸ, ದೀರ್ಘಾವಧಿ ವೀಸಾಗಳಿಗೆ ಮಾತ್ರ. ಪ್ರವಾಸಕ್ಕೆ ಹೋಗುವವರಿಗೆ ಸಿಗುವುದಿಲ್ಲ. ಅಂಥವರು ಸೇವಾಸಿಂಧು ಪೋರ್ಟಲ್‌ನಲ್ಲಿ ರಾಜ್ಯ ಪೊಲೀಸರ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಕೀನ್ಯಾ, ಉಗಾಂಡ ಕಡೆ ಹೊರಟವರಿಗೆ ಹಳದಿ ಜ್ವರದ ಲಸಿಕೆಯೂ ಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ. ಅದಿಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು.

ಇಷ್ಟಾದರೂ ಹೋಗುವ ಮನಸ್ಸಿದ್ದರೆ, ದೊಡ್ಡವರ ಜೊತೆ ಕೆಲಸ ಮಾಡಿ. ಮಕ್ಕಳನ್ನು ನೋಡಿಕೊಳ್ಳುವ ಸಿಬ್ಬಂದಿ ನೀವು ವಾಪಸ್ ಬಂದ ಮೇಲೂ ಅಲ್ಲೇ ಇರುತ್ತಾರೆ. ಅವರಿಗೆ ಕಂಪ್ಯೂಟರ್ ಕಲಿಸಿದರೆ, ಲೆಕ್ಕವನ್ನು ಟ್ಯಾಲಿಗೆ ಹಾಕಿಕೊಟ್ಟರೆ, ಅದು ಉಳಿಯುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ ಮಕ್ಕಳ ಕಡತ. ಪ್ರತಿ ಮಗುವಿಗೊಂದು ಕಡತ ಇರಬೇಕು: ಜನನ ದಾಖಲೆ, ಹುಟ್ಟಿದೂರು, ಯಾರು ಯಾವತ್ತು ತಂದು ಬಿಟ್ಟರು, ಬಂದಾಗಿನ ಫೋಟೊ, ಎತ್ತರ-ತೂಕ, ಲಸಿಕೆ, ಯಾರು ಯಾವಾಗ ಭೇಟಿಗೆ ಬಂದರು. ಮುಂದೆ ಮಗು ಊರು ಹುಡುಕಿಕೊಂಡು ಹೋಗುವುದು ಈ ಹಾಳೆಗಳ ಮೇಲೆಯೇ. ಮಳೆನೀರು ತಾಗಿದರೆ, ಇಲಿ ಕಡಿದರೆ ದಾರಿ ಮುಚ್ಚಿತು. ಸ್ಕ್ಯಾನ್ ಮಾಡಿ ಸಂಸ್ಥೆಯ ಕಂಪ್ಯೂಟರಿನಲ್ಲಿ ಒಂದು, ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಡಿಸಿ. ನಿಮ್ಮ ಫೋನಿನಲ್ಲಿ ಒಂದು ಹಾಳೆಯೂ ಉಳಿಯಬಾರದು. ಕಡತ ತೋರಿಸಲು ಹಿಂಜರಿದರೆ ಸಿಟ್ಟಾಗಬೇಡಿ, ಬಂದ ದಿನವೇ ಹೊಸಬರಿಗೆ ಕಡತ ಕೊಡದಿರುವುದು ಸರಿಯಾದ ನಡೆ. ಆದರೆ ಕಡತವೇ ಇಲ್ಲ ಅಂದರೆ ಅದು ಬೇರೆ ಮಾತು.

ಗೋಡೆಗೆ ಬಣ್ಣ ಬಳಿಯಲು ಹೋಗಬೇಡಿ. ಅಲ್ಲಿನ ಪೇಂಟರ್‌ಗೆ ಕೂಲಿ ಕೊಡಿ, ಕೆಲಸವೂ ಚಲೋ ಆಗುತ್ತದೆ. ಮಕ್ಕಳನ್ನು ಸ್ನಾನ ಮಾಡಿಸುವುದು, ಒಬ್ಬರನ್ನೇ ಕರೆದುಕೊಂಡು ಪೇಟೆಗೆ ಹೋಗುವುದು, ರಾತ್ರಿ ಅವರ ಕೋಣೆಯಲ್ಲಿ ಮಲಗುವುದು, ಇವನ್ನು ಅವರು ಮಾಡಿ ಎಂದರೂ ಮಾಡಬಾರದು. ಮುಖ ಕಾಣುವ ಫೋಟೊ ಹಾಕಬಾರದು. ಭಾರತದಲ್ಲಂತೂ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹುಟ್ಟುಹಬ್ಬದ ದಿನ ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ ಸ್ಟೇಟಸ್ ಹಾಕುವ ನಮ್ಮವರಿಗೂ ಇದು ಅನ್ವಯಿಸುತ್ತದೆ.

ಊರಲ್ಲೇ ಮಾಡುವುದಕ್ಕೂ ಕೆಲಸ ಬೇಕಾದಷ್ಟಿದೆ. ದೂರ ಹೋಗದೆ ಸೇವೆ ಅನ್ನಿಸುವುದಿಲ್ಲ ಎನ್ನುವವರಿಗೆ ಗದಗ ಹತ್ತಿರವಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ, ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ದೇಹ ಬಿಡುವವರೆಗೂ ಅಂಧ, ಅನಾಥ ಮಕ್ಕಳ ಜೊತೆಯೇ ಇದ್ದರು. ಯಾರೂ ಹಾಗಿರಬೇಕೆಂದಲ್ಲ. ಮಕ್ಕಳ ಮನೆಯಲ್ಲಿ ಅಳತೆ ಎಂದರೆ ವರ್ಷಗಳು ಎಂಬುದಕ್ಕೆ ಹೇಳಿದೆ.

ವಾರಕ್ಕೆ ಎರಡು ತಾಸು ಇರುವವರು ಒಂದು ಕೆಲಸ ಮಾಡಬಹುದು: ಮಗು ಮನೆ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವ ಅರ್ಜಿ ತುಂಬುವುದು. ಕೇಂದ್ರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4000 ರೂಪಾಯಿ ಬರುತ್ತದೆ. ವಿಧವೆ, ಗಂಡ ಬಿಟ್ಟುಹೋದ ತಾಯಿ, ಗಂಭೀರ ಕಾಯಿಲೆಯ ಹೆತ್ತವರು, ಅಜ್ಜಿ-ಮಾವನ ಮನೆಯಲ್ಲಿರುವ ತಬ್ಬಲಿ ಮಕ್ಕಳು ಇದರೊಳಗೆ ಬರುತ್ತಾರೆ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೆಲಸ ನಿಲ್ಲುವುದು ಚಿಕ್ಕ ಚಿಕ್ಕ ಕಡೆ: ನಾಡಕಚೇರಿಯ ಆದಾಯ ಪತ್ರದ ಅವಧಿ ಮುಗಿದಿರುತ್ತದೆ, ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಸತ್ತ ಗಂಡನ ಮರಣ ಪತ್ರವನ್ನೇ ಮಾಡಿಸಿರುವುದಿಲ್ಲ, ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಕೂಲಿ ಬಿಟ್ಟು ನಾಲ್ಕು ಸಲ ಕಚೇರಿಗೆ ಅಲೆಯಲಾಗದ ತಾಯಿ ಕೊನೆಗೆ ಮಗುವನ್ನು ಯಾವುದೋ ಆಶ್ರಮಕ್ಕೆ ಬಿಡುತ್ತಾಳೆ. ವಿಮಾನ, ವಿಮೆ, ಶುಲ್ಕ ಎಂದು ಒಂದು ಲಕ್ಷ ಖರ್ಚು ಮಾಡಲು ಸಿದ್ಧರಿರುವವರು ಇದನ್ನೂ ಲೆಕ್ಕ ಹಾಕಲಿ: ತಿಂಗಳಿಗೆ 4000ದಂತೆ ಅದು ಒಂದು ಮಗುವನ್ನು ಎರಡು ವರ್ಷಕ್ಕೂ ಮೇಲೆ ಅದರ ಮನೆಯಲ್ಲೇ ಉಳಿಸುವ ಹಣ.

ಇಲ್ಲೇ ಆಗಲಿ, ಅಲ್ಲೇ ಆಗಲಿ, ಮಕ್ಕಳ ಮನೆಯಲ್ಲಿ ಹೊಡೆತ, ಲೈಂಗಿಕ ಕಿರುಕುಳದ ಸುಳಿವು ಕಂಡರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಸಿಟ್ಟು ಆ ರಾತ್ರಿ ಮಗುವಿನ ಮೇಲೆ ತಿರುಗುತ್ತದೆ. ಮಗುವನ್ನು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ಕಂಡದ್ದು, ಕೇಳಿದ್ದು, ದಿನ, ಹೊತ್ತು ಇಷ್ಟನ್ನು ಬರೆದುಕೊಂಡು ಹೊರಗೆ ಬಂದು ಫೋನ್ ಮಾಡಿ. ಭಾರತದಲ್ಲಿ 1098, ನೇಪಾಳದಲ್ಲಿಯೂ ಮಕ್ಕಳ ಸಹಾಯವಾಣಿ 1098ವೇ. ಕಾಣೆಯಾದ ಮಕ್ಕಳ ವಿಷಯಕ್ಕೆ ಅಲ್ಲಿ 104. ನೇಪಾಳದಲ್ಲಿ ವಿಳಾಸ ನಡೆಯುವುದು ನಗರಪಾಲಿಕೆಯ ಹೆಸರು ಮತ್ತು ವಾರ್ಡ್ ಸಂಖ್ಯೆಯ ಮೇಲೆ, ಹಾಗಾಗಿ ಹೋದ ದಿನವೇ ಆ ಮನೆಯ ವಾರ್ಡ್ ಸಂಖ್ಯೆ ಬರೆದಿಟ್ಟುಕೊಂಡಿರಿ.